ದಕಾರದ ಒತ್ತು

ಆ ದಿನ ಬೆಳಿಗ್ಗೆ ಊರಿಗೆ ಊರೇ ಮಂಜಿನಲ್ಲಿ ಅದ್ದಿಟ್ಟ ಹಾಗಿತ್ತು. ಎಂಟೂವರೆಯಾದರೂ ಬೀದಿದೀಪ ಆರಿರಲಿಲ್ಲ. ಬಸ್ಸುಗಳು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಿದ್ದವು. ರಸ್ತೆಯಾಚೆ ದಾಖಲೆ ಕಚೇರಿಯ ದೊಡ್ಡ ಕಟ್ಟಡ ಇರಬೇಕಾದ ಜಾಗದಲ್ಲಿ ಬರೀ ಬಿಳುಪು. ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ಇತ್ತು. ದೇವರ ವಿಷಯವೂ ಹೀಗೆಯೇ ಅಲ್ಲವೇ ಎಂದುಕೊಳ್ಳುತ್ತ ನಡುಗಾಲದಮ್ಮ ಕೈಚೀಲವನ್ನು ಎದೆಗವಚಿಕೊಂಡು ರಸ್ತೆ ದಾಟಿದರು.

ನಡುಗಾಲದಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೇಳುಗರು ಇಟ್ಟದ್ದು. ‘ಮುಕ್ಕಾಲು’ ಎಂಬ ಪಾಡ್‌ಕಾಸ್ಟನ್ನು ಮೂವರು ಇತಿಹಾಸಕಾರರು ನಡೆಸುತ್ತಿದ್ದರು. ಕಲ್ಲು, ಶಾಸನ, ಹೂತ ಮಡಕೆಗಳ ಕಾಲವೆಲ್ಲ ಒಬ್ಬ ಮುದುಕರ ಪಾಲು; ಅವರು ಕಲ್ಲಜ್ಜ. ಕೋಟೆ, ಮುತ್ತಿಗೆ, ಕಡತಗಳ ನಡುಗಾಲ ಈಕೆಯ ಪಾಲು. ಅಚ್ಚಿನ ಯಂತ್ರ ಬಂದಲ್ಲಿಂದ ಈಚೆಗಿನದೆಲ್ಲ ಪೇಪರ್ ಮಾಮನದು. ಹಳೆಯ ಪತ್ರಿಕೆಯನ್ನು ಮೂಸಿ ನೋಡಿಯೇ ಇಸವಿ ಹೇಳುವ ಮನುಷ್ಯ. ಮೂರು ಕಾಲ ಸೇರಿ ಮುಕ್ಕಾಲು. “ಉಳಿದ ಕಾಲುಭಾಗ ಮೇಲಿನವನಿಗೇ ಗೊತ್ತು” ಎಂದು ಮೊದಲ ಕಂತಿನಲ್ಲೇ ಕಲ್ಲಜ್ಜ ನಕ್ಕಿದ್ದರು. ಕೇಳಿದವರೂ ನಕ್ಕಿದ್ದರು. ಆದರೆ ಐವತ್ತು ಕಂತು ತುಂಬುವಷ್ಟರಲ್ಲಿ ಆ ಕಾಲುಭಾಗದ ನೆನಪು ಮೂವರಿಗೂ ಮಾಸಿತ್ತು. ಲಕ್ಷ ಜನ ಕಿವಿಗೊಟ್ಟು ಕೂತರೆ ಎಂಥವರಿಗೂ ತಾವಾಡಿದ್ದೇ ಶಾಸನ ಅನ್ನಿಸಿಬಿಡುತ್ತದೆ.

ಸ್ಟುಡಿಯೋ ಇದ್ದದ್ದು ಟೈಲರ್ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿ. ಮೆಟ್ಟಿಲ ತಿರುವಿನಲ್ಲಿ ಒಬ್ಬರು ಗೋಡೆಗೆ ಆತು ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು. ಉಗುರುಗಳ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಒಣಗಿದ ಅಂಟು. ದಾಖಲೆ ಕಚೇರಿಯ ಬೈಂಡರ್. ಇಪ್ಪತ್ತಾರು ವರ್ಷದಿಂದ ಹರಿದ ಕಡತಗಳನ್ನು ಹೊಲಿದು, ಹುಳ ತಿಂದ ಹಾಳೆಗೆ ತೇಪೆ ಹಾಕಿ ಬದುಕಿಸುತ್ತ ಬಂದವರು.

“ಇಷ್ಟು ಬೇಗ ಬಂದಿದೀರಲ್ಲ?” ಎಂದರು ನಡುಗಾಲದಮ್ಮ. ಯಾಕೆ ಬಂದಿದ್ದಾರೆಂದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಕೇಳಿದರು.

“ಹನ್ನೊಂದು ಗಂಟೆಗೆ ಕರೆದಿದಾರೆ ಅಮ್ಮಾ. ಹಾಳೆ ತಂದು ಕೊಡು, ಇಲ್ಲಾಂದ್ರೆ ಕೆಲಸ ಬಿಟ್ಟು ನಡಿ ಅಂತ.”

ಆ ಹಾಳೆಯ ಕಥೆ ಇಷ್ಟು. ಮುನ್ನೂರು ವರ್ಷದ ಹಿಂದೆ ಇದೇ ಊರಿನ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಆಗಿನ ಕರಣಿಕ ಬರೆದಿಟ್ಟ ಕಡತದಲ್ಲಿ ಒಂದು ಸಾಲು: ಕಾವಲವನು ಹೊರಗಿನವರಿಗೆ ಕಣಜಕದತೆಗೆದುಕೊಟ್ಟನು. ಹಳೆಯ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ. ನೀರಿನ ಹಾಗೆ ಒಂದೇ ಧಾರೆ. ಮೂರು ತಿಂಗಳ ಕೆಳಗೆ ನಡುಗಾಲದಮ್ಮ ಓದುಕೋಣೆಯಲ್ಲಿ ಆ ಹಾಳೆಯ ಫೋಟೋ ತೆಗೆದುಕೊಂಡರು. ‘ದ’ ಅಕ್ಷರದ ಕೆಳಗೆ ಬಾಲವಿದ್ದ ಒಂದು ಕಪ್ಪು ಗುರುತು. ದಕಾರದ ಒತ್ತು ಎಂದು ಅವರು ತೀರ್ಮಾನಿಸಿದರು. ಕೊಂಬನ್ನು ಕರಣಿಕ ಅವಸರದಲ್ಲಿ ನುಂಗಿದ್ದಾನೆ ಎಂದುಕೊಂಡು ‘ಕದ್ದು’ ಎಂದು ಓದಿದರು. ಅಲ್ಲಿಗೆ ಕಾವಲುಗಾರ ಕಣಜ ಕದ್ದು ವೈರಿಗಳಿಗೆ ಕೊಟ್ಟವನಾದ. ಹಾಳೆಯ ಹಿಂಬದಿಗೆ ಯಾವುದೋ ಕಾಲದ ತೇಪೆ ಅಂಟಿತ್ತು, ಓದಲು ಬರುತ್ತಿರಲಿಲ್ಲ. ತೇಪೆ ಬಿಡಿಸುವ ತನಕ ಕಾಯುವ ತಾಳ್ಮೆ ಅವರಿಗಿರಲಿಲ್ಲ. ನಲವತ್ತೇಳನೇ ಕಂತಿನಲ್ಲಿ, “ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು” ಎಂದು ಶುರು ಮಾಡಿ ಮುಕ್ಕಾಲು ಗಂಟೆ ಹೇಳಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ಹೇಳಿರಲಿಲ್ಲ.

ಆಗ ಅವರಿಗೆ ತಿಳಿಯದೇ ಹೋದದ್ದು ಒಂದೇ. ಆ ಕಾವಲುಗಾರನ ವಂಶವನ್ನು ಊರು ಇವತ್ತಿಗೂ ‘ಕಣಜದವರು’ ಎಂದು ಕರೆಯುತ್ತಿತ್ತು. ಕಣಜದವರ ಮನೆಯ ಹಿರಿಮಗ ಈ ಬೈಂಡರ್.

ಕಳೆದ ವಾರ ಕಡತವನ್ನು ಹೊಲಿಯಲೆಂದು ಬಿಚ್ಚಿದಾಗ ಆ ಹಾಳೆ ಇರಲಿಲ್ಲ. ಇಲ್ಲವೆಂದು ಮೇಲಧಿಕಾರಿಗೆ ಹೋಗಿ ಹೇಳಿದವರೂ ಬೈಂಡರೇ. ಅದೇ ಅವರ ಕುತ್ತಿಗೆಗೆ ಬಂತು. ಪೂರ್ವಜನ ಕಳ್ಳತನ ಬಯಲಾಯಿತೆಂದು ನಾಚಿ ಹಾಳೆಯನ್ನು ನುಂಗಿದ್ದಾನೆ, ಜಾಣತನಕ್ಕೆ ತಾನೇ ಬಂದು ಒಪ್ಪಿಸುವ ನಾಟಕ ಆಡಿದ್ದಾನೆ ಎಂದರು ಕಚೇರಿಯವರು.

“ನನ್ನಿಂದ ಏನಾಗಬೇಕು ಹೇಳಿ,” ಎಂದರು ನಡುಗಾಲದಮ್ಮ.

“ಇವತ್ತು ನೇರ ಪ್ರಸಾರ ಅಂತಲ್ಲ ಅಮ್ಮಾ. ಅದು ‘ಕದ್ದು’ ಅಲ್ಲ, ‘ಕದ’ ಇರಬಹುದು ಅಂತ ಒಂದು ಮಾತು. ಕಣಜದ ಕದ ತೆಗೆದು ಕೊಟ್ಟ ಅಂತ. ಕದ್ದವನಿಗೂ ಕದ ತೆಗೆದವನಿಗೂ ವ್ಯತ್ಯಾಸ ಇಲ್ವಾ?”

ನಡುಗಾಲದಮ್ಮ ಫೋನಿನಲ್ಲಿದ್ದ ಆ ಫೋಟೋವನ್ನು ಹಿಗ್ಗಿಸಿ ತೋರಿಸಿದರು. “ನೋಡಿ ಇಲ್ಲಿ. ಒತ್ತು ಇದೆ. ಬಾಲ ಸಮೇತ.”

“ಅದು ನೊಣದ ಹಿಕ್ಕೆ ಅಮ್ಮಾ.”

“ಏನಂದ್ರಿ?”

“ನೊಣ. ನೀವು ಫೋಟೋ ತೆಗೆದಾದ ಮೇಲೆ ತೇಪೆ ಬಿಡಿಸೋಕೆ ಅಂತ ಹಾಳೆ ತಗೊಂಡೆನಲ್ಲ, ಆಗ ಒಣ ಕುಂಚ ಆಡಿಸಿದೆ. ಉದುರಿಹೋಯ್ತು. ಮಸಿ ಉದುರಲ್ಲ.”

“ಹಾಳೆಯೇ ಇಲ್ಲದೆ ನಾನು ಹೇಗೆ ಹೇಳ್ಲಿ? ಆಧಾರ ಇಲ್ಲದ ಮಾತು ನಾನು ಆಡೋಳಲ್ಲ.”

“ಆಧಾರ ಕಳೆದದ್ದಕ್ಕೇ ನನ್ನನ್ನ ಕರೆದಿರೋದು ಅಮ್ಮಾ,” ಎಂದರು ಬೈಂಡರ್. ಎರಡು ಮೆಟ್ಟಿಲಿಳಿದು ಮತ್ತೆ ನಿಂತರು. “ಮಗಳು ಸ್ಕೂಲಿಗೆ ಹೋಗಲ್ಲ ಅಂತಾಳೆ. ‘ಹೊಲ ಮೇಯ್ದು ಬಂದ್ಯಾ?’ ಅಂತ ಕೇಳ್ತಾರಂತೆ. ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ, ಅಷ್ಟೇ.”

ಅವರ ಚಪ್ಪಲಿಯ ಸದ್ದು ಮಂಜಿನೊಳಗೆ ಇಳಿದುಹೋಯಿತು.

ಮೇಲೆ ಸ್ಟುಡಿಯೋದಲ್ಲಿ ಕಲ್ಲಜ್ಜ ಶಾಲು ಹೊದ್ದು ಗಡಗಡ ನಡುಗುತ್ತಿದ್ದರು. “ಹೀಟರ್ ಹಾಕಮ್ಮಾ, ನಿನಗೆ ಪುಣ್ಯ ಬರತ್ತೆ. ಇನ್ನರ್ಧ ಗಂಟೆ ಹೋದ್ರೆ ನನ್ನ ಮೂಳೆಗಳನ್ನೇ ಅಗೆದು ತೆಗೀಬೇಕಾಗತ್ತೆ.”

“ಹೀಟರ್ ಗುಂಯ್ ಅನ್ನತ್ತೆ ಅಜ್ಜಾ, ಮೈಕಿಗೆ ಆಗಲ್ಲ,” ಎಂದಳು ಗಾಜಿನಾಚೆ ಕೂತ ಕಿವಿಯಕ್ಕ. ಧ್ವನಿ ಹಿಡಿಯುವುದು, ತಿದ್ದುವುದು ಅವಳ ಕೆಲಸ. ಯಾರು ಉಗುಳು ನುಂಗಿದರೂ ಅವಳಿಗೆ ಕೇಳುತ್ತದೆ ಎಂದು ಆ ಹೆಸರು. ಕೊನೆಗೆ ರಾಜಿಯಾಯಿತು: ನಡುಗಾಲದಮ್ಮನ ಮೇಜಿನ ಪಕ್ಕದಲ್ಲಿ, ಗೋಡೆಯ ಕಡೆ ತಿರುಗಿಸಿ ಹೀಟರ್ ಇಟ್ಟಳು.

ನಡುಗಾಲದಮ್ಮ ಎಂದಿನಂತೆ ತಮ್ಮ ಕಾಗದಗಳನ್ನು ಜೋಡಿಸಿದರು. ಮೊದಲು ಮೇಜಿನ ಮೇಲೆ ಬ್ಲಾಟಿಂಗ್ ಹಾಳೆಗಳ ಜೋಡಿ, ಅದರ ಮೇಲೆ ಅಂದಿನ ಟಿಪ್ಪಣಿ. ಪುಟ ತಿರುವುವಾಗ ಪರಪರ ಸದ್ದು ಬರುತ್ತದೆಂದು ಕಿವಿಯಕ್ಕ ಗೊಣಗಿದ ಮೇಲೆ ಅವರೇ ಕಂಡುಕೊಂಡ ಉಪಾಯ ಅದು. ಬ್ಲಾಟಿಂಗ್ ಕಾಗದ ಮಸಿಯ ಹಾಗೆಯೇ ಸದ್ದನ್ನೂ ಹೀರುತ್ತದೆ.

“ಒಂದು ತಿದ್ದುಪಡಿ ಓದಬೇಕೇನೋ ಅನ್ನಿಸ್ತಿದೆ,” ಎಂದರು, ಯಾರ ಮುಖವನ್ನೂ ನೋಡದೆ. ಬೈಂಡರ್ ಬಂದದ್ದನ್ನು ಹೇಳಿದರು.

ಪೇಪರ್ ಮಾಮ ಕನ್ನಡಕ ಒರೆಸುತ್ತಿದ್ದವರು ನಿಲ್ಲಿಸಿದರು. “ಅಕ್ಕಾ, ಐವತ್ತನೇ ಕಂತು. ಊಟಕ್ಕೆ ಕೂತವರ ಮುಂದೆ ಅಕ್ಕಿಯ ಕಲ್ಲು ಆರಿಸ್ತೀರಾ? ಒಂದು ಸಲ ತಪ್ಪು ಅಂದ್ರೆ ಉಳಿದ ನಲವತ್ತೊಂಬತ್ತನ್ನೂ ಜನ ಮೂಸಿ ನೋಡ್ತಾರೆ. ಅಷ್ಟಕ್ಕೂ ತಪ್ಪು ಅಂತ ಯಾರು ಹೇಳಿದ್ದು? ಅಂಟು ಹಚ್ಚೋ ಮನುಷ್ಯ.”

“ಅಂಟು ಹಚ್ಚೋನು ಹಾಳೆನ ನಮಗಿಂತ ಹತ್ರದಿಂದ ನೋಡಿರ್ತಾನೆ,” ಎಂದರು ಕಲ್ಲಜ್ಜ. “ನಾನು ಒಂದು ಕಲ್ಲನ್ನ ಹದಿನಾರು ವರ್ಷ ತಲೆಕೆಳಗಾಗಿ ಓದಿದೀನಿ ಮಗಳೇ. ಕಲ್ಲಿಗೇನೂ ಬೇಜಾರಾಗ್ಲಿಲ್ಲ. ಮನುಷ್ಯರ ಮಾತು ಬೇರೆ.”

ಗೋಡೆಯ ಕೆಂಪು ದೀಪ ಹತ್ತಿತು. ಹತ್ತು ಗಂಟೆ.

ನಡುಗಾಲದಮ್ಮನಿಗೆ ಒಬ್ಬ ಅಜ್ಜಿ ಇದ್ದರು. ನಾಲಿಗೆ ಮೇಲೆ ದೇವರು ಕೂತಿರ್ತಾನೆ, ಅವನನ್ನ ತುಳಿದು ಮಾತಾಡಬೇಡ ಕಣೇ ಎನ್ನುತ್ತಿದ್ದರು. ಮೈಕಿನ ಮುಂದೆ ಕೂತಾಗಲೆಲ್ಲ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಶುರು ಮಾಡುವುದು ಅವರ ರೂಢಿ. ಬೇಲಿಯ ಕಥೆ ಹೇಳಿದ ದಿನ ಅದನ್ನು ಹೇಳಿಕೊಂಡಿದ್ದರೋ ಇಲ್ಲವೋ ಎಷ್ಟು ನೆನೆದರೂ ನೆನಪಾಗಲಿಲ್ಲ. ಇಂದು ಹೇಳಿಕೊಂಡರು.

ಕಲ್ಲಜ್ಜ ನಗಿಸಿದರು, ಪೇಪರ್ ಮಾಮ ಹಳೆಯ ಜಾಹೀರಾತುಗಳನ್ನು ಓದಿದರು. ಫೋನುಗಳು ಬಂದವು. ಹತ್ತೂ ಇಪ್ಪತ್ತಕ್ಕೆ ಒಬ್ಬ ಗಂಡಸು ಲೈನಿಗೆ ಬಂದ.

“ನಡುಗಾಲದಮ್ಮನವರಿಗೆ ನಮಸ್ಕಾರ. ಬೇಲಿ ಹೊಲ ಮೇಯ್ದ ಕಂತು ನಮ್ಮನೇಲಿ ನಾಲ್ಕು ಸಲ ಕೇಳಿದೀವಿ. ಇನ್ನೊಂದು ತಮಾಷೆ ಗೊತ್ತಾ? ಆ ಕಳ್ಳನ ವಂಶದವನೇ ಈಗ ದಾಖಲೆ ಕಚೇರೀಲಿ ಇದಾನಂತೆ. ಹಾಳೆ ಎಗರಿಸಿ ಸಿಕ್ಕಿಬಿದ್ದಿದಾನಂತೆ. ಬೇರಿನಂತೆ ಬಳ್ಳಿ, ಅಲ್ವಾ? ನೀವು ಹೇಳಿದ್ದು ನೂರಕ್ಕೆ ನೂರು ನಿಜ ಆಯ್ತು!”

ನೂರಕ್ಕೆ ನೂರು. ಪೇಪರ್ ಮಾಮ ಅಂಗೈ ಎತ್ತಿ ‘ಮುಂದೆ ಹೋಗಿ’ ಎಂದು ಸನ್ನೆ ಮಾಡಿದರು. ನಡುಗಾಲದಮ್ಮ ಮೈಕಿನಿಂದ ಹಿಂದಕ್ಕೆ ಸರಿದರು. ಗಾಜಿನಾಚೆ ಕಿವಿಯಕ್ಕ ಬೆರಳು ಮಡಿಸಿ ಎಣಿಸುತ್ತಿದ್ದಳು: ಒಂದು ಸೆಕೆಂಡಿನ ಮೌನ, ಎರಡು, ಮೂರು. ನಾಲ್ಕನೆಯದಕ್ಕೆ ಕಲ್ಲಜ್ಜ ಕೆಮ್ಮಿದರು. “ಬಳ್ಳಿ ವಿಷಯ ಬಂತು ನೋಡಿ,” ಎಂದು ಕಲ್ಲಿನ ಕಂಬಗಳ ಮೇಲೆ ಕೆತ್ತಿದ ಬಳ್ಳಿಗಳ ಕಥೆಗೆ ಜಾರಿಕೊಂಡರು. ಮುದುಕರು ಉದ್ದಕ್ಕೆ ಎಳೆಯತೊಡಗಿದ್ದು ತಮಗಾಗಿಯೇ ಎಂದು ನಡುಗಾಲದಮ್ಮನಿಗೆ ತಿಳಿಯಿತು. ಟಿಪ್ಪಣಿಯ ಪುಟ ತಿರುವಿದರು.

ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಕಿವಿಯಕ್ಕನ ಪಿಸುಮಾತು ಬಂತು. “ಅಮ್ಮಾ, ನಿಮ್ಮ ಕಾಗದ ಯಾಕೋ ಮಾತಾಡ್ತಿದೆ.”

ನಡುಗಾಲದಮ್ಮ ತಲೆಯೆತ್ತಿದರು.

“ಮೇಲಿನದಲ್ಲ, ಅಡೀದು. ಬ್ಲಾಟಿಂಗಿಗೆ ಗಂಟಲಿಲ್ಲ, ಅದು ಹೀಗೆ ಚರಚರ ಅನ್ನಲ್ಲ. ಹತ್ತು ನಿಮಿಷದಿಂದ ಕೇಳ್ತಿದೀನಿ. ಒಳಗೆ ಏನೋ ಗಟ್ಟಿ ಕಾಗದ ಇದೆ, ಬಿಸಿಗೆ ಮುದುರ್ಕೊಳ್ತಿದೆ. ಸರಿಸಿಬಿಡಿ.”

ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ನಡುಗಾಲದಮ್ಮ ಮೇಲಿನ ಬ್ಲಾಟಿಂಗ್ ಹಾಳೆಯ ಮೂಲೆಯನ್ನು ಎತ್ತಿದರು. ಕೈಕಾಗದದ ಅಂಚೊಂದು ಹೀಟರಿನ ಬಿಸಿಗೆ ಒಣಗಿ, ಬ್ಲಾಟಿಂಗಿನಿಂದ ಬಿಟ್ಟುಕೊಂಡು, ಎಲೆಯ ಹಾಗೆ ಸುರುಳಿಯೇಳುತ್ತಿತ್ತು. ಕಂದು ಮಸಿ. ಕರಣಿಕನ ಕೈ. ಬಿಡುವಿಲ್ಲದ ಅಕ್ಷರಗಳ ಧಾರೆ.

ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ ಎನ್ನುತ್ತಾರೆ. ಹಾಗೆ ಆಯಿತು. ಫೋಟೋ ತೆಗೆದ ದಿನ ಈಗ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಬೈಂಡರ್ ತೇಪೆ ಬಿಡಿಸಿ, ಒದ್ದೆ ಹಾಳೆಯನ್ನು ಬ್ಲಾಟಿಂಗ್ ಜೋಡಿಯ ನಡುವೆ ಇಟ್ಟು, ಓದುಮೇಜಿನ ತುದಿಯಲ್ಲಿ ಒಣಗಲು ಬಿಟ್ಟಿದ್ದರು. ಅಷ್ಟರಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂದು ಓಡಿದರು. ಮತ್ತೆ ಕೆಲಸಕ್ಕೆ ಬಂದದ್ದು ಹತ್ತು ದಿನದ ಮೇಲೆ. ಅಷ್ಟರಲ್ಲಿ ಯಾರೋ ಕಡತವನ್ನು ಕಟ್ಟಿ ಒಳಗಿಟ್ಟಿದ್ದರು. ಹಾಳೆ ಅದರಲ್ಲೇ ಇದೆ ಎಂದುಕೊಂಡಿದ್ದರು ಪಾಪ. ಫೋಟೋ ತೆಗೆದ ಆ ಸಂಜೆ ಓದುಕೋಣೆ ಮುಚ್ಚುವ ಗಂಟೆ ಹೊಡೆದಾಗ ನಡುಗಾಲದಮ್ಮ, ಆ ಬ್ಲಾಟಿಂಗ್ ಜೋಡಿಯೂ ತಮ್ಮದೇ ಎಂದುಕೊಂಡು, ಮೇಜಿನ ಮೇಲಿದ್ದದ್ದನ್ನೆಲ್ಲ ಒಟ್ಟಿಗೆ ಬಾಚಿ ಚೀಲಕ್ಕೆ ಹಾಕಿಕೊಂಡಿದ್ದರು. ಒದ್ದೆ ಹಾಳೆ ಅಂಟಿನ ಪಸೆಗೆ ಬ್ಲಾಟಿಂಗನ್ನು ಕಚ್ಚಿಕೊಂಡು ಸುಮ್ಮನಿತ್ತು. ಬೇಲಿಯ ಕಥೆ ಹೇಳಿದ ದಿನ ತಮ್ಮ ಮೊಣಕೈ ಊರಿದ್ದು ಅದರ ಮೇಲೆಯೇ.

‘ದ’ ಅಕ್ಷರದ ಕೆಳಗೆ ಏನೂ ಇರಲಿಲ್ಲ. ಬರೀ ಕಾಗದ.

ಹಾಳೆಯನ್ನು ತಿರುಗಿಸಿದರು. ಮುನ್ನೂರು ವರ್ಷದ ಮೇಲೆ ಹಿಂಬದಿಯನ್ನು ಓದುತ್ತಿರುವ ಮೊದಲ ಕಣ್ಣು ಬಹುಶಃ ಅವರದೇ. ಹೊರಗಿನವರೆಂದರೆ ವೈರಿಗಳಲ್ಲ, ಕೋಟೆಯ ಬಾಗಿಲು ಹಾಕುವಾಗ ಒಳಗೆ ಬರಲಾಗದೆ ಗೋಡೆಯಾಚೆ ಉಳಿದ ಇದೇ ಊರಿನ ಜನ. ಕುಂಬಾರನ ಸೊಸೆ, ಕಂಕುಳ ಕೂಸು. ಕಣ್ಣಿಲ್ಲದ ಮುದುಕಿ. ಬಸುರಿ ಒಬ್ಬಳು. ಹೀಗೆ ಪುಟದ ಉದ್ದಕ್ಕೂ ಕಾಳು ಪಡೆದವರ ಪಟ್ಟಿ. ಕೊನೆಯಲ್ಲಿ ಒಂದು ಸಾಲು: ಇದ ಕಾವಲವನೇ ಬಂದು ಹೇಳಿ ಬರೆಸಿದನು.

ತಾನೇ ಬಂದು ಹೇಳಿದನು. ಬೈಂಡರ್ ಹಾಗೆ.

ಪೇಪರ್ ಮಾಮ ಪಕ್ಕದಿಂದ ಬಗ್ಗಿ ಹಾಳೆಯನ್ನು ನೋಡಿದರು. ಕಲ್ಲಜ್ಜನ ಬಳ್ಳಿ ಇನ್ನೂ ಕಂಬ ಸುತ್ತುತ್ತಿತ್ತು. ಪೇಪರ್ ಮಾಮ ಚೀಟಿಯೊಂದರ ಮೇಲೆ ಗೀಚಿ ತಳ್ಳಿದರು: ‘ಬಾಯಿ ಬಿಡಬೇಡಿ. ಮಧ್ಯಾಹ್ನ ಹೋಗಿ ಮೆಲ್ಲಗೆ ಕಡತದೊಳಗೆ ಸೇರಿಸಿಬಿಡಿ. ಅವರೂ ಬಚಾವ್, ನೀವೂ ಬಚಾವ್.’

ಆ ಚೀಟಿಯಲ್ಲಿ ಕೆಟ್ಟತನವಿರಲಿಲ್ಲ, ಭಯವಿತ್ತು. ನಡುಗಾಲದಮ್ಮನಿಗೂ ಭಯವೇ. ದಾಖಲೆ ಕಚೇರಿಯಿಂದ ಹಾಳೆ ಹೊರಗೆ ತಂದವರಿಗೆ ಮತ್ತೆ ಅಲ್ಲಿ ಕಾಲಿಡುವ ಹಾಗಿಲ್ಲ. ಮೂವತ್ತು ವರ್ಷದ ಓದೆಲ್ಲ ಆ ಒಂದು ಕೋಣೆಯ ಅನ್ನ. ಮೆಲ್ಲಗೆ ಸೇರಿಸಿದರೆ? ಒಂದು ಗಳಿಗೆ ಆ ದಾರಿ ಎಷ್ಟು ಮೆತ್ತಗೆ ಕಂಡಿತು. ಆಮೇಲೆ ಅದರ ಕೊನೆಯೂ ಕಂಡಿತು. ಮಧ್ಯಾಹ್ನದ ಹೊತ್ತಿಗೆ ವಿಚಾರಣೆ ಮುಗಿದಿರುತ್ತದೆ. ನಾಳೆ ಹಾಳೆ ಸಿಕ್ಕರೆ, ‘ಹೆದರಿ ತಂದಿಟ್ಟ ಕಳ್ಳ’ ಎನ್ನುತ್ತಾರೆ. ಆ ಹೆಸರು ಅಂಟುವುದಕ್ಕೆ ನೊಣವೂ ಬೇಡ, ಒತ್ತೂ ಬೇಡ.

ಗೋಡೆ ಗಡಿಯಾರದಲ್ಲಿ ಹತ್ತೂ ನಲವತ್ತೆರಡು.

ಚೀಟಿಯನ್ನು ಮಡಿಸಿ ಪೇಪರ್ ಮಾಮನ ಕೈಗೇ ವಾಪಸಿಟ್ಟು, ಕಲ್ಲಜ್ಜನತ್ತ ತಲೆಯಾಡಿಸಿದರು. ಮುದುಕರು ಬಳ್ಳಿಯನ್ನು ಅಲ್ಲೇ ಕತ್ತರಿಸಿದರು. “ಈಗ ನಮ್ಮ ನಡುಗಾಲದಮ್ಮ ಮಾತಾಡ್ತಾಳೆ,” ಎಂದರು.

“ಆಗಲೇ ಬೇಲಿ ಕಥೆಗೆ ಫೋನ್ ಮಾಡಿದ್ದವರು ಕೇಳ್ತಿದ್ರೆ ಸ್ವಲ್ಪ ಇರಿ,” ಎಂದರು ನಡುಗಾಲದಮ್ಮ. ಅವರ ದನಿ ಅವರಿಗೇ ಹೊಸದಾಗಿ ಕೇಳಿತು. “ನಲವತ್ತೇಳನೇ ಕಂತಿನಲ್ಲಿ ನಾನು ಹೇಳಿದ್ದು ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ. ಆದ್ರೆ ಕೇಳಿದವರಿಗೆ ಎರಡೂ ಒಂದೇ. ಕಾವಲುಗಾರ ಕದೀಲಿಲ್ಲ. ಕದ ತೆಗೆದ. ಗೋಡೆ ಆಚೆ ಹಸಿದು ಕೂತಿದ್ದ ನಮ್ಮೂರ ಜನಕ್ಕೆ ಕಾಳು ಕೊಟ್ಟ. ನಾನು ಒತ್ತು ಅಂತ ಓದಿದ್ದು ನೊಣ ಕೂತು ಹೋದ ಗುರುತು. ಹಾಗಂತ ತಿಳಿದವರೊಬ್ಬರು ಬೆಳಿಗ್ಗೆ ಮೆಟ್ಟಿಲ ಮೇಲೆ ಹೇಳಿದ್ರು, ನಾನು ಆಧಾರ ಕೇಳಿದೆ. ಆ ಆಧಾರ ಈಗ ನನ್ನ ಕೈಯಲ್ಲಿದೆ. ಕಾಣೆಯಾದ ಹಾಳೆನ ಬೈಂಡರ್ ತಗೊಂಡಿಲ್ಲ. ನಾನು ತಗೊಂಡು ಬಂದಿದ್ದೆ. ಗೊತ್ತಿಲ್ಲದೆ. ಮೂರು ತಿಂಗಳಿಂದ ಅದರ ಮೇಲೆ ಮೊಣಕೈ ಊರಿ ನಿಮಗೆಲ್ಲ ಇತಿಹಾಸ ಹೇಳ್ತಿದ್ದೆ. ಬೇಲಿ ಅಂತ ಆ ಮನೆಯ ಮಗುವನ್ನ ಯಾರಾದ್ರೂ ಆಡಿಕೊಂಡಿದ್ರೆ, ಆ ಮಾತು ನನ್ನದು. ದಯವಿಟ್ಟು ನನಗೇ ವಾಪಸ್ ಕೊಡಿ. ನಾನೀಗ ಎದ್ದು ಹೋಗಬೇಕು.”

ಎದ್ದೇಬಿಟ್ಟರು. ಪೇಪರ್ ಮಾಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, “ಪತ್ರಿಕೆಗಳಲ್ಲಿ ತಿದ್ದುಪಡಿ ಯಾವಾಗ್ಲೂ ಒಳಪುಟದ ಮೂಲೇಲಿ ಹಾಕ್ತಾರೆ,” ಎಂದು ಶುರು ಮಾಡಿದರು. “ನಮ್ಮದು ಮುಖಪುಟಕ್ಕೇ ಬಂತು. ಇರಲಿ ಬಿಡಿ.”

ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ದಾಖಲೆ ಕಚೇರಿಯ ಮೇಲಂತಸ್ತು ಮಾತ್ರ ಆಕಾಶದಲ್ಲಿ ತೂಗಿಬಿಟ್ಟ ಹಾಗೆ ಕಾಣುತ್ತಿತ್ತು. ಹಾಳೆಯನ್ನು ಅದೇ ಬ್ಲಾಟಿಂಗ್ ಜೋಡಿಯ ನಡುವೆ ಇಟ್ಟು, ತೊಟ್ಟಿಲ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ನಡುಗಾಲದಮ್ಮ ರಸ್ತೆ ದಾಟಿದರು. ಬಸ್ಸೊಂದು ಹಾರನ್ ಹೊಡೆದು ನಿಂತಿತು. ಬಾಗಿಲಲ್ಲಿ ಕಾವಲಿನವನು ಸಹಿ ಪುಸ್ತಕ ಮುಂದೆ ಮಾಡಿದ. ಕೈ ಖಾಲಿಯಿಲ್ಲ ಎಂದು ಮುಂದೆ ನಡೆದರು. ಅಷ್ಟು ಮೆಟ್ಟಿಲುಗಳಿದ್ದವೆಂದು ಅವರಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಮೇಲಧಿಕಾರಿಯ ಕೋಣೆಯಲ್ಲಿ ಹನ್ನೊಂದಕ್ಕೆ ಎರಡು ನಿಮಿಷ. ಮೇಜಿನ ಮೇಲೆ ಬರೆದು ಸಿದ್ಧವಾಗಿಟ್ಟ ಕಾಗದ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. ಬೈಂಡರ್ ಕುರ್ಚಿಯಿದ್ದರೂ ನಿಂತೇ ಇದ್ದರು. ಮೂಲೆಯಲ್ಲಿದ್ದ ಗುಮಾಸ್ತೆಯ ಫೋನಿನಿಂದ ಪೇಪರ್ ಮಾಮನ ದನಿ ಸಣ್ಣಗೆ ಬರುತ್ತಿತ್ತು. ಆಕೆ ಗಡಬಡಿಸಿ ಆರಿಸಿದಳು. ಅಂದರೆ ಇವರೆಲ್ಲ ಕೇಳಿದ್ದಾರೆ.

“ರೀಡರ್ ಕಾರ್ಡು ರದ್ದಾಗತ್ತೆ. ಗೊತ್ತಲ್ಲ ಮೇಡಂ?” ಎಂದರು ಮೇಲಧಿಕಾರಿ.

ನಡುಗಾಲದಮ್ಮ ಕೈಯಲ್ಲಿದ್ದುದನ್ನು ಎದೆಗಾನಿಸಿಕೊಂಡು, ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ಮೂಲೆಗಳು ಸವೆದು ದುಂಡಗಾಗಿದ್ದ ಕಾರ್ಡು.

ಮೇಲಧಿಕಾರಿ ಹಾಳೆಗಾಗಿ ಕೈ ಚಾಚಿದರು. ನಡುಗಾಲದಮ್ಮ ಆ ಕೈಯನ್ನು ನೋಡದವರಂತೆ ಬೈಂಡರ್ ಕಡೆ ತಿರುಗಿ, ಮೇಲಿನ ಬ್ಲಾಟಿಂಗ್ ಸರಿಸಿ, ಹಾಳೆಯನ್ನು ಅವರ ಅಂಗೈಗಳ ಮೇಲೆ ಇಳಿಸಿದರು. ಬೈಂಡರ್ ಅಕ್ಷರ ನೋಡಲಿಲ್ಲ. ಮೊದಲು ನಾಲ್ಕು ಮೂಲೆ ನೋಡಿದರು. ಆಮೇಲೆ ಅಂಚು. ಆಮೇಲೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

“ಎಲ್ಲೂ ಮಡಿಸಿಲ್ಲ,” ಎಂದರು. “ದೇವರು ದೊಡ್ಡವನು.”

“ಹಿಂಬದಿ ಓದಿ,” ಎಂದರು ನಡುಗಾಲದಮ್ಮ.

ಬೈಂಡರ್ ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದರು. ಕೊನೆಯ ಸಾಲಿಗೆ ಬಂದಾಗ ಅಲುಗುತ್ತಿದ್ದ ತುಟಿ ನಿಂತಿತು. ಮೇಲಧಿಕಾರಿ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

“ನನ್ನಿಂದ ನಿಮ್ಮ ಮನೆಗೆ…” ಎಂದು ನಡುಗಾಲದಮ್ಮ ಶುರು ಮಾಡಿದರು.

ಬೈಂಡರ್ ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ ಮತ್ತೆ ಅವರತ್ತ ಕೈ ಚಾಚಿದರು.

“ಬ್ಲಾಟಿಂಗ್ ಅಮ್ಮಾ. ಅವೆರಡೂ ಆಫೀಸಿನವೇ.”

ನಡುಗಾಲದಮ್ಮ ಮಾತು ನಿಲ್ಲಿಸಿ, ಎರಡೂ ಬ್ಲಾಟಿಂಗ್ ಹಾಳೆಗಳ ಅಂಚು ಸರಿಯಾಗಿ ಕೂಡಿಸಿ ಅವರ ಕೈಗೆ ಕೊಟ್ಟರು.